ಹಟ್ಟಿಗೆ ಬಂದ ಗಣಿತದ ಟೀಚರ್

ಆ ಉಗುರು ಕಪ್ಪಗಿದ್ದದ್ದು ಒಂದೆರಡು ತಿಂಗಳು ಮಾತ್ರವೇನೋ. ನನ್ನ ನೆನಪಿನಲ್ಲಂತೂ ಗಣಿತದ ಟೀಚರ್ ಅವರ ತೋರುಬೆರಳ ಉಗುರು ಹೈಸ್ಕೂಲಿನ ಮೂರು ವರ್ಷವೂ ಕಪ್ಪಗೇ ಇದೆ. ಹೆಪ್ಪುಗಟ್ಟಿದ ರಕ್ತ ಅಷ್ಟು ಕಾಲ ನಿಲ್ಲುವುದಿಲ್ಲ. ಉಗುರು ಬೆಳೆಯುತ್ತದೆ, ಕಲೆ ತುದಿಗೆ ಸರಿದು ಹೋಗುತ್ತದೆ. ಹಾಗಾದರೆ ಉಳಿದ ನೆನಪನ್ನು ಎಷ್ಟು ನಂಬಲಿ?

ಶಾಲೆಯ ಬಾಗಿಲಿಗೆ ಸಿಕ್ಕಿ ಜಜ್ಜಿದ ಬೆರಳು ಅದು. ಬೆಳಗ್ಗೆ ಜವಾನ ಬರುವ ಮೊದಲೇ ಅವರು ಬಂದು ಬಾಗಿಲು ತೆಗೆಯುತ್ತಿದ್ದರು. ತುರುವನೂರು ಕಡೆಯ ನಮ್ಮ ಶಾಲೆಯಲ್ಲಿ ಅವರದೊಂದು ಕಾನೂನಿತ್ತು: ಮನೆಗೆಂದು ಲೆಕ್ಕ ಕೊಡುವುದಿಲ್ಲ, ಎಲ್ಲವನ್ನೂ ಶಾಲೆಯಲ್ಲೇ ಕೂತು ಮಾಡಬೇಕು. ಸಾಹುಕಾರರ ಮಕ್ಕಳು ದುರ್ಗಕ್ಕೆ ಟ್ಯೂಷನ್‌ಗೆ ಹೋಗುತ್ತಿದ್ದರು. ಕುರಿಗಾರರ ಹಟ್ಟಿಯ ನಾವು ಸಂಜೆ ಕುರಿ ದೊಡ್ಡಿಗೆ ಕೂಡುವ ಹೊತ್ತಿಗೆ ಮನೆಯಲ್ಲಿರಬೇಕಿತ್ತು. ಒಮ್ಮೆ ಒಬ್ಬ ಸಾಹುಕಾರರು ಬಂದು ಹೇಳಿದರು:

“ಮನೇಲಿ ಹುಡುಗ್ರು ಸುಮ್ನೆ ಕುಂತಿರ್ತಾವೆ. ಏನಾರ ಬರಿಯಾಕೆ ಕೊಡ್ರಿ ಮೇಡಂ.”

“ನಿಮ್ಮನೇಲಿ ಕುಂತಿರ್ತಾವೆ. ಎಲ್ಲರ ಮನೇಲೂ ಕುಂತ್ಕಳಾಕೆ ಬಿಡ್ತಾರೇನ್ರಿ?”

ಹಾಗೆಂದು ಅವರು ದೇವತೆಯೇನಲ್ಲ. “ಲೇ, ಕತ್ತಲಾಗೆ ಕುರಿ ಗುರ್ತು ಹಿಡೀತೀಯ, ಬೆಳಕಾಗೆ ಆರು ಒಂಬತ್ತು ಗುರ್ತು ಸಿಗಲ್ವೇನೇ?” ಎಂದು ನನ್ನನ್ನು ಕೇಳಿದರೆ ಇಡೀ ತರಗತಿ ನಗುತ್ತಿತ್ತು. ನಾನೂ ನಗುತ್ತಿದ್ದೆ ಎಂದುಕೊಂಡಿದ್ದೇನೆ. ಅಳುತ್ತಾ ಮನೆಗೆ ಬರುತ್ತಿದ್ದೆ ಎನ್ನುತ್ತಾಳೆ ಅವ್ವ.

ಸುಗ್ಗಿ ಮುಗಿದರೆ ನಮ್ಮವರು ಕುರಿ ಹೊಡೆದುಕೊಂಡು ಮೇವಿಗಾಗಿ ದಾವಣಗೆರೆ ಕಡೆಯ ಗದ್ದೆ ಬಯಲಿಗೆ ಹೋಗುತ್ತಾರೆ, ಮಳೆಗಾಲಕ್ಕೆ ಮರಳುತ್ತಾರೆ. ಅಡುಗೆಗೆ, ಎಳೆ ಮರಿಗಳನ್ನು ನೋಡಿಕೊಳ್ಳುವುದಕ್ಕೆ ಮನೆಯ ಹೆಣ್ಣೊಬ್ಬಳು ಜೊತೆಗೆ ಬೇಕು. ಅಜ್ಜಿ ಹಾಸಿಗೆ ಹಿಡಿದಿದ್ದರಿಂದ ಅವ್ವ ಹೊರಡುವಂತಿರಲಿಲ್ಲ. ನಾನು ಹತ್ತನೇ ತರಗತಿಯಲ್ಲಿದ್ದ ಆ ವರ್ಷ ಅಪ್ಪ ನನ್ನ ಹೆಸರು ಹೇಳಿದ. ಪರೀಕ್ಷೆ ಇನ್ನೂ ಮುಂದಿತ್ತು. ಗಂಟು ಕಟ್ಟುತ್ತಾ ಶಾಲೆ ತಪ್ಪಿಸಿದ ದಿನ ಸಂಜೆ ಟೀಚರ್ ಹಟ್ಟಿಗೇ ಬಂದರು.

ಅಪ್ಪ ಕಂಬಳಿ ಹಾಸಿದ. “ಕುಂತ್ಕಳ್ರಿ ಟೀಚರಮ್ಮ.”

“ಕುಂತ್ಕಳಾಕೆ ಬಂದಿಲ್ಲ ಅಣ್ಣಾ. ಪರೀಕ್ಷೆ ಮುಗಿಯೋ ಮಟ ಇವ್ಳನ್ನ ಬಿಡ್ರಿ.”

“ಬಿಟ್ಟೆ ಅಂತ್ಲೇ ಇಟ್ಕಳ್ರಿ. ಅಲ್ಲಿ ಮುದ್ದೆ ಯಾರು ತಿರುವ್ತಾರೆ? ನೀವು ಬರ್ತೀರಾ?”

“ನಾ ತಿರುವಿದ ಮುದ್ದೆ ನಿಮ್ಮ ನಾಯೀನೂ ಮೂಸಲ್ಲ.”

ಅಪ್ಪ ನಕ್ಕ. ಆಮೇಲೆ ಏನೋ ಮಾತಾಯಿತು. ಮರುದಿನ ಕುರಿಗಳ ಜೊತೆ ಹೋದವಳು ನನ್ನ ತಂಗಿ. ಏಳನೇ ತರಗತಿಯಲ್ಲಿದ್ದಳು. ಮಳೆಗಾಲಕ್ಕೆ ಊರಿಗೆ ಮರಳಿದಳು, ಶಾಲೆಗೆ ಮರಳಲಿಲ್ಲ.

ನಾನು ಪಾಸಾದೆ. ಈಗ ಹಿರಿಯೂರಿನಲ್ಲಿ ಕೆಲಸದಲ್ಲಿದ್ದೇನೆ. ತಂಗಿಯನ್ನು ಮತ್ತೋಡಿಗೆ ಕೊಟ್ಟಿದೆ. ಹೋದ ವರ್ಷ ಟೀಚರ್ ತೀರಿಕೊಂಡಾಗ ಇಬ್ಬರೂ ಮಣ್ಣಿಗೆ ಹೋಗಿದ್ದೆವು. ಹಿಂದಿರುಗಲು ಬಸ್ಸಿಗೆ ಕಾಯುವಾಗ ತಂಗಿ ಸಹಜವಾಗಿ, ಸಿಟ್ಟಿಲ್ಲದೆ ಹೇಳಿದಳು:

“ಅವತ್ತು ನನ್ನ ಕಡೆ ಬೆಳ್ಳು ತೋರ್ಸಿದ್ದು ಅವ್ರೇ ಕಣಕ್ಕಾ. ‘ಇವ್ಳಿಗೇನು ದೊಡ್ಡ ಪರೀಕ್ಷೆ ಐತಾ? ಇವ್ಳು ಹೋಗ್ಲಿ’ ಅಂದ್ರು. ಆ ಕರೇ ಉಗುರಿನ ಬೆಳ್ಳು.”

ಅವ್ವನನ್ನು ಕೇಳಿದೆ. “ಸುಳ್ಳು. ನಿಮ್ಮಪ್ಪಾನೇ ಅಂದಿದ್ದು. ಟೀಚರಮ್ಮ ಬ್ಯಾಡ ಬ್ಯಾಡ ಅಂತ ಬಡ್ಕಂಡ್ರು,” ಎಂದಳು. ಅಪ್ಪನನ್ನು ಕೇಳೋಣವೆಂದರೆ ಅವನೂ ಇಲ್ಲ.

ತಂಗಿಯ ಮಗಳು ಈಗ ಏಳನೇ ತರಗತಿ. ಮೊನ್ನೆ ಫೋನಿನಲ್ಲಿ ತಂಗಿ ಕೇಳಿದಳು: “ಲೆಕ್ಕ ತಲೆಗೆ ಹತ್ತವಲ್ದು ಅಕ್ಕಾ. ಮನೇಲಿ ಹೇಳ್ಕೊಡ್ರಿ ಅಂತಾರೆ ಅವ್ಳ ಟೀಚರು. ಮನೇಲಿ ಯಾರವ್ರೆ?”

ಹೇಳಿಕೊಡುವಷ್ಟು ಲೆಕ್ಕ ನನಗೆ ಬರುತ್ತದೆ. ಕಲಿಸಿದವರು ನಮ್ಮ ಆ ಟೀಚರೇ. ಭಾನುವಾರ ಮತ್ತೋಡಿಗೆ ಹೋಗುತ್ತೇನೆ. ಆದರೆ ಆ ಸಂಜೆ ಅಪ್ಪನ ಪಕ್ಕದಲ್ಲೇ ನಿಂತಿದ್ದವಳು ನಾನು. ನಗು ನೆನಪಿದೆ, ಕಂಬಳಿ ನೆನಪಿದೆ, ಉಗುರು ನೆನಪಿದೆ. ಆ ಬೆರಳು ತಂಗಿಯ ಕಡೆ ತಿರುಗಿತ್ತೇ, ಇಲ್ಲವೇ, ನನಗೆ ಗೊತ್ತಿಲ್ಲ.