ಕೆಂಪು ಗುಂಡಿಯ ಮೇಲಿನ ಹೆಬ್ಬೆರಳು

ಅತ್ತೆಯ ಹೆಬ್ಬೆರಳು ಕೆಂಪು ಗುಂಡಿಯ ಮೇಲಿತ್ತು. ಇನ್ನೇನು ಒತ್ತಬೇಕು.

ತಮಿಳುನಾಡಿನ ಕಂಬಂ ಹತ್ತಿರ ನನ್ನ ಸೋದರಮಾವನದು ಕೊಬ್ಬರಿ ಒಣಗಿಸುವ ಶೆಡ್. ಡೀಸೆಲ್ ಬರ್ನರ್ ಬೆಂಕಿ ಉಗುಳುತ್ತದೆ, ಫ್ಯಾನು ಬಿಸಿಗಾಳಿ ತಳ್ಳುತ್ತದೆ. ದಿನಾ ಬೆಳಿಗ್ಗೆ ಹೊತ್ತಿಸುವವರು ಅತ್ತೆ. ಕಳೆದ ವಾರ ದಿಂಡಿಗಲ್‌ನಿಂದ ಹೋಗಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಚೆನ್ನಾಗಿ ಉರಿಯುತ್ತಿದ್ದ ಬೆಂಕಿ ಇದ್ದಕ್ಕಿದ್ದಂತೆ ನಂದಿತು. ಬಿಳಿ ಹೊಗೆ. ಕಣ್ಣು ಉರಿಸುವ ಡೀಸೆಲ್ ವಾಸನೆ.

"ಬಿಡು ತಾಯಿ, ಒಂದ್ ತಡವೆ ಗುಂಡಿ ಒತ್ತಿದ್ರೆ ಸರಿಯಾಗ್ತದೆ" ಎಂದರು ಅತ್ತೆ.

ನಾನು ಗ್ಯಾಸ್ ಒಲೆಯನ್ನೂ ಮಾರು ದೂರ ನಿಂತು ಹಚ್ಚುವವಳು. "ತಡೀರಿ ಅತ್ತೆ" ಎಂದು ಎಲೆಕ್ಟ್ರಿಷಿಯನ್ ಸೆಲ್ವಂಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಹೊಗೆಯ ವಿಷಯ ಕೇಳಿದ್ದೇ ಅವನ ದನಿ ಬದಲಾಯಿತು. "ಅಕ್ಕಾ, ಗುಂಡಿ ತೊಡಾದೀಂಗ. ಮೇನ್ ಆಫ್ ಪಣ್ಣುಂಗ. ವೆಳಿಯೆ ವಾಂಗ." ಗುಂಡಿ ಮುಟ್ಟಬೇಡಿ, ಮೇನ್ ಆಫ್ ಮಾಡಿ, ಆಚೆ ಬನ್ನಿ. ಅಷ್ಟೇ. ಮೇನ್ ಆಫ್ ಮಾಡಿ ನಾವಿಬ್ಬರೂ ತೆಂಗಿನ ಮರಗಳ ಕಡೆ ಓಡಿದೆವು. (ಅತ್ತೆ ನನಗಿಂತ ಮುಂದೆ.)

ಸೆಲ್ವಂ ಬಂದವನು ಶೆಡ್ಡಿನ ಬಾಗಿಲೆಲ್ಲ ತೆರೆದಿಟ್ಟು, ಬಹಳ ಹೊತ್ತು ಗಾಳಿಯಾಡಲು ಬಿಟ್ಟ. ಆಮೇಲೆ ಕೇಳಿದ: "ಬೆಂಕಿ ಉರಿಯುವಾಗ ಈ ಕೆಂಪು ದೀಪವೂ ಉರೀತಿತ್ತಾ?"

"ದಿನಾ ಉರೀತದೆ. ಓಡ್ತಾ ಐತೆ ಅಂತ ತಾನೆ ಅರ್ಥ?" ಎಂದರು ಅತ್ತೆ.

ಅಲ್ಲವಂತೆ. ಆ ದೀಪ ರಿಲೇಯದು, ಬೆಂಕಿಗೆ ಕಾವಲಿರುವ ಸ್ವಿಚ್ಚಿನ ಪೆಟ್ಟಿಗೆಯದು. ಬೆಂಕಿ ಕಾಣದಿದ್ದರೆ ರಿಲೇ ಡೀಸೆಲ್ ನಿಲ್ಲಿಸಿ ಕೆಂಪಾಗಬೇಕು. ಕೆಂಪು ದೀಪವೂ ಬೆಂಕಿಯೂ ಒಟ್ಟಿಗೆ ಉರಿಯಲೇಬಾರದು. ಹಾಗಾದರೆ ಡೀಸೆಲ್ ಬಿಡುತ್ತಿದ್ದವರು ಯಾರು?

ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಗೇಣು ವೈರ್. ರಿಲೇಯನ್ನು ದಾಟಿ ಕರೆಂಟು ನೇರ ಡೀಸೆಲ್ ವಾಲ್ವ್‌ಗೆ. ಬೆಂಕಿ ನಂದಿದರೂ ಡೀಸೆಲ್ ಸುರಿಯುತ್ತಲೇ ಇರುತ್ತದೆ. ಆಗ ಗುಂಡಿ ಒತ್ತಿದರೆ ಆ ಡೀಸೆಲ್ ಹೊಗೆಯೊಳಗೆ ಕಿಡಿ ಹಾರಿ ಶೆಡ್ಡೇ ಸಿಡಿಯುತ್ತದೆ.

"ನಾನೇ ಹಾಕಿದ್ದು" ಎಂದರು ಅಷ್ಟರಲ್ಲಿ ಓಡಿ ಬಂದಿದ್ದ ಮಾವ, ನೆಲ ನೋಡುತ್ತ. "ಅದು ಸುಮ್ ಸುಮ್ನೆ ನಿಲ್ಲಿಸ್ತಾ ಇತ್ತು. ಕೊಬ್ಬರಿಗೆ ಬೂಷ್ಟು ಹಿಡೀತು."

ಸೆಲ್ವಂ ವೈರ್ ಕಿತ್ತ. ಮೀಟರ್ ಇಟ್ಟು ರಿಲೇ ನೋಡಿದ. ಸರಿಯಾಗಿತ್ತು. ಮತ್ತೆ ಸುಮ್ಮನೆ ಯಾಕೆ ನಿಲ್ಲಿಸುತ್ತಿತ್ತು? ಬೆಂಕಿ ನೋಡುವ ಗಾಜಿನ ಕಣ್ಣನ್ನು ಹೊರಗೆಳೆದ. ಗೋಲಿಯಷ್ಟು ಗಾಜು. ಅದರ ಮೇಲೆ ಒಣಗಿ ಕಂದಿದ ಚಂದನ, ನಡುವೆ ಕುಂಕುಮ. ಬೆಂಕಿ ಅದಕ್ಕೆ ಕಾಣುವುದಾದರೂ ಹೇಗೆ?

ಆ ಬೊಟ್ಟು ನನಗೆ ಗೊತ್ತಿತ್ತು.

ಆಯುಧಪೂಜೆಗೆ ಎಲ್ಲವನ್ನೂ ಬಿಚ್ಚಿ, ಒರೆಸಿ, ಬಾಳೆ ಎಲೆಯ ಮೇಲೆ ಸಾಲಾಗಿ ಇಟ್ಟಿದ್ದರು. ಸ್ಪ್ಯಾನರ್, ಕುಡುಗೋಲು, ಫ್ಯಾನ್ ಬೆಲ್ಟು. ಹಬ್ಬಕ್ಕೆ ಬಂದು ಬೊಟ್ಟಿಟ್ಟವಳು ನಾನು. ಒಂದನ್ನೂ ಬಿಡದೆ, ಭಕ್ತಿಯಿಂದ. ಗಾಜಿನ ಕಣ್ಣಿಗೂ.

ಅಂದಿನಿಂದ ಎಷ್ಟು ದಿನ ಬೆಳಿಗ್ಗೆ ಅತ್ತೆ ಅದರ ಮುಂದೆ ಒಬ್ಬರೇ ನಿಂತಿದ್ದಾರೆ? ಲೆಕ್ಕ ಹಾಕಲು ಹೋಗಿ ಹೆದರಿ ಬಿಟ್ಟೆ.

ಗಾಜು ಒರೆಸಿ, ಅಂದು ಬೆಂಕಿ ನಂದಿಸಿದ್ದ ನೀರು ಸೇರಿದ ಡೀಸೆಲ್ ಬದಲಿಸಿ, ಸೆಲ್ವಂ ಬರ್ನರ್ ಹೊತ್ತಿಸಿದ. ಕೆಂಪು ದೀಪ ಇಲ್ಲ. ನಂತರ ಆ ಕಣ್ಣನ್ನು ಹೊರಗೆಳೆದು ಮುಷ್ಟಿಯಲ್ಲಿ ಮುಚ್ಚಿಕೊಂಡ. ಒಂದು, ಎರಡು... ಟಕ್. ಬೆಂಕಿ ಆರಿತು, ದೀಪ ಕೆಂಪಾಯಿತು.

"ಇನ್ನೊಂದ್ ತಡವೆ ಮಾಡಪ್ಪ" ಎಂದರು ಅತ್ತೆ.

ರಿಲೇ ಎಚ್ಚರಿಸುತ್ತಿದ್ದಾಗ ಕೆಟ್ಟಿದೆ ಎಂದೆವು, ಅದರ ಬಾಯಿ ಮುಚ್ಚಿಸಿದ ದಿನ ರಿಪೇರಿಯಾಯಿತು ಎಂದೆವು. ನಿಮ್ಮ ಮನೆಯಲ್ಲಿ ಇತ್ತೀಚೆಗೆ ಏನೇನು ರಿಪೇರಿಯಾಗಿದೆ?