ವಿಮಲಾ ಅವರು ಸಾಲು ನೇರ ಮಾಡಿದ್ದು

ವಿಮಲಾ ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಆ ವರ್ಷ ಇನ್ನು ಯಾರ ಮೇಲೂ ಬಂದಿರಲಿಲ್ಲ. ದಿನಕ್ಕೆ ಹತ್ತು ಸಲ ನನ್ನ ಮೇಜಿನ ಪಕ್ಕ ಬಂದು ನಿಂತು, ಕನ್ನಡಕ ಹಣೆಗೇರಿಸಿ, "ತಿರುಮಲೇಶ್, ಒಂದ್ನಿಮಿಷ" ಅನ್ನುತ್ತಿದ್ದರು. ಅವರ ಒಂದು ನಿಮಿಷ ಅರ್ಧ ಗಂಟೆಗೆ ಮೊದಲು ಮುಗಿದದ್ದಿಲ್ಲ.

ಇದು ೧೯೮೯ರ ಮಾತು. ಕುರ್ಲಾ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಒಂದು ಇಂಡಸ್ಟ್ರಿಯಲ್ ಎಸ್ಟೇಟ್. ಅದರ ಎರಡನೇ ಮಹಡಿಯಲ್ಲಿ ನಮ್ಮ ಕಂಪನಿ. ಕೆಳಗೆ ಪ್ಲಾಸ್ಟಿಕ್ ಬಕೆಟ್ ಮಾಡುವವರು, ಪಕ್ಕದಲ್ಲಿ ಲೇತ್ ತಿರುಗಿಸುವವರು. ನಾವು ಮಾತ್ರ ಆ ಗದ್ದಲದ ನಡುವೆ, ಟೆಲಿಫೋನ್ ತಂತಿಯ ಮೇಲೆ ಎರಡು ಕಂಪ್ಯೂಟರುಗಳನ್ನು ಮಾತಾಡಿಸುವ ಪೆಟ್ಟಿಗೆ ಮಾಡುತ್ತಿದ್ದೆವು. ಆ ಕಾಲದ ತಂತಿಯಲ್ಲಿ ಮಾತಿಗಿಂತ ಗೊರಗೊರ ಹೆಚ್ಚು. ಹೇಳಿದ್ದು ಆಚೆಯ ಪೆಟ್ಟಿಗೆಗೆ ಕೇಳಿಸಿತೋ, ಕೇಳಿಸದಿದ್ದರೆ ಎಲ್ಲಿಂದ ಮತ್ತೆ ಹೇಳಬೇಕು ಎಂಬ ನಿಯಮಗಳಿಗೆ ಪ್ರೋಟೋಕಾಲ್ ಎಂದು ಹೆಸರು. ಆ ನಿಯಮಗಳನ್ನು ಪ್ರೋಗ್ರಾಮಾಗಿ ಬರೆದು, ಒಂದು ಚಿಪ್ಪಿಗೆ ತುಂಬಿ, ಪೆಟ್ಟಿಗೆಯೊಳಗೆ ಕೂರಿಸುತ್ತಿದ್ದೆವು. ಹತ್ತೊಂಬತ್ತು ಫೈಲು, ಹನ್ನೊಂದು ಸಾವಿರ ಸಾಲು. ಅರ್ಧಕ್ಕೂ ಹೆಚ್ಚು ನಾನೇ ಬರೆದದ್ದು.

ವಿಮಲಾ ನಮ್ಮ ಟೈಪಿಸ್ಟ್. ನಲವತ್ತೆಂಟು ವಯಸ್ಸು, ಮೈಸೂರಿನವರು. ಗಂಡ ಹಿರಿಯಣ್ಣ ಪರೇಲಿನ ಮಿಲ್ಲೊಂದರಲ್ಲಿ ಗುಮಾಸ್ತರಾಗಿದ್ದರು. ಮಿಲ್ಲು ಮುಚ್ಚಿ ಏಳು ವರ್ಷವಾಗಿತ್ತು. ನೆಹರೂನಗರದ ಮನೆ ಈಕೆಯ ಕೆಲಸದಿಂದಲೇ ನಡೆಯಬೇಕಿತ್ತು. ಇಪ್ಪತ್ತನಾಲ್ಕು ವರ್ಷ ಟೈಪ್ ಹೊಡೆದ ಕೈ, ಮೊದಲು ಗ್ರಾಂಟ್ ರೋಡಿನ ವಕೀಲರೊಬ್ಬರ ಆಫೀಸಿನಲ್ಲಿ, ಆಮೇಲೆ ನಮ್ಮಲ್ಲಿ. ಟೈಪ್ ಹೊಡೆಯುವಾಗ ಕೀಲಿಗಳನ್ನು ನೋಡುತ್ತಿರಲಿಲ್ಲ. ಕಾಗದ ನೋಡುತ್ತ, ನಮ್ಮ ಮಾತಿಗೆ ಉತ್ತರ ಕೊಡುತ್ತ, ಮಧ್ಯೆ ಚಹಾವನ್ನೂ ಕುಡಿಯುತ್ತ ಹೊಡೆಯುತ್ತಿದ್ದರು.

ಆದರೆ ಕಂಪನಿಗೆ ಮೂರು ಪಿ.ಸಿ. ಬಂದ ಮೇಲೆ ಪತ್ರಗಳನ್ನೆಲ್ಲ ನಾವೇ ಅದರಲ್ಲಿ ಹೊಡೆದುಕೊಳ್ಳತೊಡಗಿದೆವು. ಟೈಪ್‌ರೈಟರಿಗೆ ಹೊದಿಕೆ ಬಿತ್ತು. ಮಾಲೀಕ ಕಾಪಡಿಯಾ ಸಾಹೇಬರು ಅದನ್ನು ಮಾರಿಬಿಡುತ್ತೇನೆ ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಅದರ ಹಿಂದೆ ಯಾರು ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು, ವಿಮಲಾ ಅವರಿಗೂ.

ಅಷ್ಟರಲ್ಲಿ ಬಾಂದ್ರಾದ ಗಿರಾಕಿಯೊಬ್ಬರು ಹೊಸ ತಕರಾರು ತೆಗೆದರು. ಪೆಟ್ಟಿಗೆಯ ಜೊತೆ ಪ್ರೋಗ್ರಾಮನ್ನೂ ಅಚ್ಚು ಹಾಕಿ ಕೊಡಬೇಕು. ಒಂದು ಸಾಲಿನಲ್ಲಿ ಎಪ್ಪತ್ತೆರಡಕ್ಕಿಂತ ಹೆಚ್ಚು ಅಕ್ಷರ ಇರಕೂಡದು. ಒಳಗಿನ ಸಾಲುಗಳು ನಾಲ್ಕು ನಾಲ್ಕು ಜಾಗ ಬಿಟ್ಟು ಮೆಟ್ಟಿಲ ಹಾಗೆ ಇಳಿಯಬೇಕು. ತೆರೆದ ಬ್ರಾಕೆಟ್ಟೂ ಮುಚ್ಚಿದ ಬ್ರಾಕೆಟ್ಟೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ನಮ್ಮದೋ ನಾಲ್ಕು ಜನ ನಾಲ್ಕು ತರ ಬರೆದ ಕೋಡು. ಕೆಲವು ಸಾಲು ಪರದೆಯ ಬಲ ಅಂಚು ದಾಟಿ ಎಲ್ಲಿಗೋ ಹೋಗುತ್ತಿದ್ದವು. ಅದನ್ನು ನೇರ ಮಾಡುವ ಕೂಲಿ ಕೆಲಸಕ್ಕೆ ಇಂಜಿನಿಯರುಗಳಾದ ನಾವು ಯಾರೂ ಒಪ್ಪಲಿಲ್ಲ.

"ನಾನು ಮಾಡ್ತೀನಿ" ಎಂದರು ವಿಮಲಾ.

ಕಾಪಡಿಯಾ ಎಲ್ಲರ ಎದುರಿಗೇ ಮಾತು ಕೊಟ್ಟರು. ಬಾಂದ್ರಾದಲ್ಲಿ ಪೆಟ್ಟಿಗೆಯ ಟ್ರಯಲ್ ಪಾಸಾದರೆ ವಿಮಲಾಬಾಯಿಗೆ ಇನ್ನು ಮುಂದೆ ಇದೇ ಕೆಲಸ, ಖಾಯಂ. ಇಲ್ಲದಿದ್ದರೆ ಮಾರ್ಚ್ ಕೊನೆಗೆ ನಮಸ್ಕಾರ.

ಅವತ್ತಿನಿಂದ ನನ್ನ ಗ್ರಹಚಾರ ಶುರುವಾಯಿತು. "ತಿರುಮಲೇಶ್, ಇಲ್ಲಿ ಬ್ರಾಕೆಟ್ ತೆಗೆದಿದೀರಿ, ಮುಚ್ಚೋದು ಮೂರು ಪುಟ ಆದ್ಮೇಲೆ. ಇಷ್ಟು ದೂರ ಇದ್ರೆ ಓದೋರಿಗೆ ಹೇಗ್ರೀ ಗೊತ್ತಾಗ್ಬೇಕು?" "ಇದೇನು, ಒಂದ್ಕಡೆ ಸ್ಪೇಸ್ ಇದೆ, ಒಂದ್ಕಡೆ ಇಲ್ಲ. ಒಂದು ಪದ್ಧತಿ ಬೇಡ್ವಾ?" ನಾನು ಹಲ್ಲು ಕಚ್ಚಿಕೊಂಡು ಉತ್ತರ ಕೊಡುತ್ತಿದ್ದೆ. ಹಿಂದಿನ ದಿನ ಹೇಳಿದ್ದನ್ನು ಮರುದಿನ ಮತ್ತೆ ಕೇಳುತ್ತಿದ್ದರು, ಮತ್ತೆ ಹೇಳಿದರೆ "ನೆನ್ನೆ ಬೇರೆ ಹೇಳಿದ್ರಿ" ಎಂದು ತಮ್ಮ ನೋಟ್‌ಪುಸ್ತಕ ತೆಗೆದು ತೋರಿಸುತ್ತಿದ್ದರು. ಅದರಲ್ಲಿ ನಾನು ನಿಜವಾಗಿಯೂ ಬೇರೆ ಹೇಳಿರುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಪ್ರೋಗ್ರಾಮು ಒಂದಕ್ಕೊಂದು ಜೋಡಣೆಯಾಗದೆ ಪರದೆ ತುಂಬ ತಪ್ಪುಗಳು ಸುರಿದವು. ಹುಡುಕಿದರೆ, ಈಕೆ ಸ್ಪೆಲ್ಲಿಂಗ್ ತಿದ್ದಿದ್ದಾರೆ! 'ರಿಸೀವ್' ಎಂಬ ಇಂಗ್ಲಿಷ್ ಪದದ ಎರಡು ಅಕ್ಷರಗಳನ್ನು ನಾನು ಮೊದಲ ದಿನವೇ ಅದಲುಬದಲು ಬರೆದಿದ್ದೆ. ಅದೇ ತಪ್ಪು ಎಲ್ಲ ಫೈಲುಗಳಿಗೂ ಹರಡಿ ಊರ್ಜಿತವಾಗಿತ್ತು. ಒಂದು ಫೈಲಿನಲ್ಲಿ ಮಾತ್ರ ಸರಿ ಮಾಡಿದರೆ ಮಿಕ್ಕವಕ್ಕೆ ಅದರ ಗುರುತೇ ಸಿಗುವುದಿಲ್ಲ.

"ಯಾರ್ರೀ ಹೇಳಿದ್ದು ನಿಮಗೆ ಸ್ಪೆಲ್ಲಿಂಗ್ ತಿದ್ದಿ ಅಂತ? ಜಾಗ ಬಿಡಿ ಅಂದ್ರೆ ಜಾಗ ಬಿಡಿ, ಅಷ್ಟೇ!" ಎಂದು ಕೂಗಿದೆ. ಲೇತಿನ ಸದ್ದನ್ನೂ ಮೀರಿ ಕೇಳಿಸಿರಬೇಕು.

ಅವರು ಅಳುಕಲಿಲ್ಲ. "ಸ್ಪೆಲ್ಲಿಂಗ್ ತಪ್ಪಿರೋ ಕಾಗದ ಹೊರಗೆ ಹೋದ್ರೆ ಬೈಸ್ಕೊಳ್ಳೋದು ಟೈಪಿಸ್ಟು, ತಿರುಮಲೇಶ್. ಬರ್ದೋರನ್ನ ಯಾರೂ ಕೇಳಲ್ಲ" ಎಂದರು. ಸಂಜೆಯೊಳಗೆ ಹತ್ತೊಂಬತ್ತು ಫೈಲುಗಳಲ್ಲೂ ಆ ಪದವನ್ನು ಸರಿ ಮಾಡಿ ಕೂತಿದ್ದರು. ಪ್ರೋಗ್ರಾಮು ಸುಸೂತ್ರವಾಗಿ ಜೋಡಣೆಯಾಯಿತು. ಅದಕ್ಕೂ ನನಗೆ ಸಿಟ್ಟೇ ಬಂತು.

ಇನ್ನೊಂದು ಕಡೆ, ಅರ್ಧಕ್ಕೆ ಬಿಟ್ಟ ಕೋಡಿನ ಮೇಲೆ ನಾನು 'ಈ ಭಾಗ ಕಾಪಡಿಯಾ ತಲೆಯಷ್ಟೇ ಖಾಲಿ' ಎಂದು ಟಿಪ್ಪಣಿ ಬರೆದು ಮರೆತಿದ್ದೆ. ಅಚ್ಚಾಗಿ ಬಂದಾಗ ನೋಡಿದರೆ 'ಈ ಭಾಗ ಇನ್ನೂ ಬರೆಯಬೇಕಿದೆ' ಎಂದಿತ್ತು. ವಿಮಲಾ ಆ ಬಗ್ಗೆ ಒಂದು ಮಾತೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ಪುಟಗಳು ಚೆನ್ನಾಗಿದ್ದವು. ನಾನೇ ಬರೆದದ್ದು ನನಗೆ ಮೊದಲ ಸಲ ಅರ್ಥವಾಗುತ್ತಿತ್ತು. ಚೆನ್ನಾಗಿದೆ ಎಂದು ಹೇಳಲು ಏನು ಖರ್ಚಾಗುತ್ತಿತ್ತು? ಹೇಳಲಿಲ್ಲ.

ಜಾಗ ಬಿಟ್ಟು ಸಾಲು ಮುರಿದರೆ ಪ್ರೋಗ್ರಾಮಿನ ಅರ್ಥ ಬದಲಾಗಬಾರದು. ಹಾಗಾಗಿ ಪ್ರತಿ ಫೈಲಿನ ಹಳೆಯದನ್ನೂ ಹೊಸದನ್ನೂ ಬೇರೆ ಬೇರೆ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಇಳಿಸಿ, ಎರಡೂ ಒಂದೇ ಇದೆಯೇ ಎಂದು ಹೋಲಿಸಬೇಕು. ಆ ಕೆಲಸ ನನ್ನದು. ಹೋಲಿಸಿದ ಮೇಲೆ ರಿಜಿಸ್ಟರಿನಲ್ಲಿ ಸಹಿ. ಆ ಆಮೆ ಪಿ.ಸಿ.ಯಲ್ಲಿ ಒಂದೊಂದಕ್ಕೂ ಅರ್ಧ ಗಂಟೆ ಹಿಡಿಯುತ್ತಿತ್ತು. ಹದಿನಾಲ್ಕು ಫೈಲನ್ನು ಪ್ರಾಮಾಣಿಕವಾಗಿ ಹೋಲಿಸಿದೆ. ಕೊನೆಯ ಐದು ಒಂದು ಶುಕ್ರವಾರ ಒಟ್ಟಿಗೆ ಬಂದವು. ಈ ಹೆಂಗಸಿನ ಸ್ಪೇಸು, ಬ್ರಾಕೆಟ್ಟು, ಒಂದ್ನಿಮಿಷ ಎಲ್ಲ ಸೇರಿ ನನಗೆ ತಲೆ ಕೆಟ್ಟು ಹೋಗಿತ್ತು. ಐದಕ್ಕೂ 'ಹೋಲಿಸಿದೆ, ಸರಿ ಇದೆ' ಎಂದು ಬರೆದು ಸಹಿ ಗೀಚಿ ಮನೆಗೆ ಹೋದೆ.

ಸೋಮವಾರ ಟ್ರಯಲ್. ಒಂದು ಪೆಟ್ಟಿಗೆ ಕುರ್ಲಾದಲ್ಲಿ, ಇನ್ನೊಂದು ಬಾಂದ್ರಾದಲ್ಲಿ. ನಮ್ಮ ಮೇಜಿನ ಮೇಲೆ ಎರಡು ಮೊಳ ತಂತಿಗೆ ಸಿಕ್ಕಿಸಿ ನೋಡಿದಾಗ ಎರಡೂ ಪೆಟ್ಟಿಗೆ ದಿನವಿಡೀ ಮಾತಾಡಿಕೊಂಡಿದ್ದವು. ಬಾಂದ್ರಾದಲ್ಲಿ ಕಾಲು ಗಂಟೆಗೆ ಸಂಪರ್ಕ ಕಡಿದುಹೋಯಿತು. ಮತ್ತೆ ಜೋಡಿಸಿದರೆ ಮತ್ತೆ ಕಾಲು ಗಂಟೆ. ನಾಲ್ಕು ದಿನ ಕುರ್ಲಾದಿಂದ ದಾದರ್, ದಾದರ್‌ನಿಂದ ಬಾಂದ್ರಾ ಎಂದು ಲೋಕಲ್‌ನಲ್ಲಿ ಪೆಟ್ಟಿಗೆ ಹೊತ್ತುಕೊಂಡು ಓಡಾಡಿದೆ. ಟೆಲಿಫೋನಿನವರನ್ನು ಬೈದೆ, ಮೋಡೆಮ್ ಮಾಡಿದವನನ್ನು ಬೈದೆ, ಗಿರಾಕಿಯ ಆಫೀಸಿನ ಎಲೆಕ್ಟ್ರಿಷಿಯನ್ ದಾನಪ್ಪನನ್ನು ಬೈದೆ. "ಸಾಹೇಬ್ರ, ತಂತಿ ಬರೊಬ್ಬರಿ ಐತ್ರಿ, ನಿಮ್ಮ ಡಬ್ಬಿ ನೋಡ್ಕೋರಿ" ಎಂದ ಆತ. ಅವನು ಹೇಳಿದ್ದೇ ಸರಿ ಇತ್ತು. ಹೋಲಿಸದ ಐದು ಫೈಲುಗಳ ನೆನಪು ನನಗೆ ಮೊದಲ ದಿನದಿಂದಲೂ ಇತ್ತು. ಸಾಲು ನೇರ ಮಾಡಿದ್ದರಲ್ಲಿ ಏನು ಕೆಟ್ಟೀತು ಎಂದು ನನಗೆ ನಾನೇ ಹೇಳಿಕೊಂಡು ಅತ್ತ ತಲೆ ಹಾಕಿರಲಿಲ್ಲ.

ಐದನೇ ದಿನ ಬೇರೆ ದಾರಿ ಉಳಿಯದೆ ಹೋಲಿಸಲು ಕೂತೆ. ಹದಿನೇಳನೇ ಫೈಲಿನಲ್ಲಿ ಒಂದೇ ಒಂದು ಕಡೆ ವ್ಯತ್ಯಾಸ ಸಿಕ್ಕಿತು. ಗೊರಗೊರದಿಂದ ಒಂದು ಸಂದೇಶ ಆಚೆ ಕಡೆ ಕೇಳಿಸದಿದ್ದರೆ, ಒಂದು ಸಂದೇಶ ಹಿಂದಕ್ಕೆ ಹೋಗಿ ಮತ್ತೆ ಹೇಳು ಎನ್ನುವ ಸಾಲು ಅದು. ಹಳೆಯ ಅಚ್ಚನ್ನೂ ಹೊಸ ಅಚ್ಚನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದಕ್ಷರವೂ ಬೇರೆ ಕಾಣಲಿಲ್ಲ. ಪಿತ್ತ ನೆತ್ತಿಗೇರಿತು. ವಿಮಲಾ ಅವರನ್ನು ಕರೆದೆ.

"ಈ ಸಾಲಿಗೆ ಏನು ಮಾಡಿದ್ರಿ?"

"ಉದ್ದ ಆಗಿತ್ತು, ಮುರಿದೆ. ಅಳ್ಸಿ ಮತ್ತೆ ಹೊಡೆದೆ. ಹಾಗ್ ಮಾಡೋದೇ ನನಗೆ ಬೇಗ."

"ಹೊಡೀರಿ ನೋಡೋಣ, ನನ್ನೆದುರಿಗೆ."

ಅವರು ಕಾಗದ ನೋಡುತ್ತ ಸರಸರನೆ ಹೊಡೆದರು. ನಾನು ಅವರ ಕೈ ನೋಡುತ್ತಿದ್ದೆ. 'ಒಂದು' ಬರುವ ಕಡೆ ಬೆರಳು ಮೇಲಿನ ಅಂಕಿಗಳ ಸಾಲಿಗೆ ಹೋಗಲೇ ಇಲ್ಲ. ಬಲಗೈ ಉಂಗುರ ಬೆರಳು ಇದ್ದಲ್ಲೇ ಬಿತ್ತು. ಎಲ್ ಅಕ್ಷರ.

"ಅದು ಎಲ್ಲು!"

ಅವರು ತಮ್ಮ ಬೆರಳನ್ನೇ ನೋಡಿಕೊಂಡರು. "ನಮ್ಮ ಮಷೀನಲ್ಲಿ ಒಂದು ಅಂತ ಕೀಲಿಯೇ ಇಲ್ವಲ್ರೀ. ಸಣ್ಣ ಎಲ್ಲೇ ಒಂದು, ಕಾಗದದ ಮೇಲೆ ಎರಡೂ ಒಂದೇ ತರ ಕಾಣುತ್ತೆ. ಎಲ್ಲಾ ಟೈಪಿಸ್ಟ್‌ಗಳೂ ಹಾಗೇ ಹೊಡೀತಾರೆ" ಎಂದರು. ಹೋಗಿ ಹೊದಿಕೆ ಸರಿಸಿ ನೋಡಿದೆ. ನಿಜ. ಅಂಕಿಗಳ ಸಾಲು ಎರಡರಿಂದ ಶುರುವಾಗುತ್ತಿತ್ತು. ಮೂರು ವರ್ಷ ಆ ಯಂತ್ರದ ಪಕ್ಕ ಚಹಾ ಕುಡಿದಿದ್ದೆ, ಒಮ್ಮೆಯೂ ಕಂಡಿರಲಿಲ್ಲ.

"ಪಿ.ಸಿ.ಯಲ್ಲಿ ಮೇಲಿನ ಸಾಲಲ್ಲಿ ಒಂದು ಇದೆ ಅಂತ ಗೊತ್ತು. ಜ್ಞಾಪಕ ಇಟ್ಕೊಂಡೇ ಹೊಡೀತಿದ್ದೆ. ಎರಡ್ಸಲ ಕೈ ತಪ್ಪಿದಾಗ ಕಂಪೈಲರ್ ಕೂಗ್ತು, ತಿದ್ದಿದೆ. ಈ ಸಲ ಅದು ಸುಮ್ನಿತ್ತು" ಎಂದರು. ಅವರ ದನಿ ಸಣ್ಣದಾಗಿತ್ತು.

ಕಂಪೈಲರ್ ಸುಮ್ಮನಿದ್ದದ್ದಕ್ಕೆ ಕಾರಣ ನಾನು. ಸಂದೇಶದಲ್ಲಿ ಎಷ್ಟು ಅಕ್ಷರಗಳಿವೆ ಎಂಬ ಎಣಿಕೆಗೆ ಪೂರ್ತಿ ಹೆಸರು ಬರೆಯಲು ಸೋಮಾರಿಯಾಗಿ, ಎಲ್ ಎಂದು ಒಂದೇ ಅಕ್ಷರದ ಹೆಸರಿಟ್ಟಿದ್ದೆ. ಅವರು ಹೊಡೆದ ಎಲ್ಲನ್ನು ಕಂಪೈಲರ್ ತಪ್ಪೆನ್ನದೆ ಆ ಎಣಿಕೆ ಎಂದೇ ಓದಿಕೊಂಡಿತ್ತು. ಒಂದು ಸಂದೇಶ ಹಿಂದಕ್ಕೆ ಹೋಗಬೇಕಾದ ಪೆಟ್ಟಿಗೆ, ನೂರಿಪ್ಪತ್ತು ಅಕ್ಷರದ ಸಂದೇಶ ಕೆಟ್ಟರೆ ನೂರಿಪ್ಪತ್ತು ಸಂದೇಶ ಹಿಂದಕ್ಕೆ ಹೋಗುತ್ತಿತ್ತು. ಆಚೆಯ ಪೆಟ್ಟಿಗೆ ಗಾಬರಿಯಾಗಿ ಸಂಪರ್ಕ ಕಡಿಯುತ್ತಿತ್ತು. ನಮ್ಮ ಮೇಜಿನ ತಂತಿಯಲ್ಲಿ ಗೊರಗೊರವೇ ಇಲ್ಲದ್ದರಿಂದ ಆ ಸಾಲು ಒಮ್ಮೆಯೂ ಓಡಿರಲಿಲ್ಲ.

ನಾವಿಬ್ಬರೂ ಹಾಗೆ ನಿಂತಿರುವಾಗಲೇ ಕಾಪಡಿಯಾ ಬಂದರು. "ಮಿಲಾ? ಕಿಸ್ಕೀ ಗಲ್ತೀ ಥೀ?" ಎಂದು ಕೇಳಿದರು. ಸಿಕ್ಕಿತೇ, ಯಾರ ತಪ್ಪು ಎಂದು.

"ಮೇರೀ, ಸರ್", ನನ್ನದು, ಎಂದರು ವಿಮಲಾ, ಒಂದು ಕ್ಷಣವೂ ಯೋಚಿಸದೆ.

ಕಾಪಡಿಯಾ ನನ್ನತ್ತ ನೋಡಿದರು. ರಿಜಿಸ್ಟರು ಅಲ್ಲೇ ನನ್ನ ಮೊಣಕೈ ಕೆಳಗಿತ್ತು. ಹೋಲಿಸಬೇಕಾದದ್ದು ನಾನು, ಹೋಲಿಸದೆ ಸಹಿ ಹಾಕಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು "ಟೈಪಿಂಗ್ ಮಿಸ್ಟೇಕ್, ಸರ್" ಎಂಬ ಮಾತು. ಅದರಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಂತು.

ಸರಿ ಮಾಡಿದ ಚಿಪ್ಪು ಹಾಕಿದ ಮೇಲೆ ಪೆಟ್ಟಿಗೆಗಳು ಮೂರು ದಿನ ಕಡಿಯದೆ ಮಾತಾಡಿದವು. ಟ್ರಯಲ್ ಪಾಸಾಯಿತು. ವಿಮಲಾ ಅವರಿಗೆ ಮಾತ್ರ ಮಾರ್ಚ್ ಕೊನೆಯ ನಮಸ್ಕಾರದ ಕಾಗದ ಬಂತು. ಅವರು ಅದನ್ನು ಓದಿ, ಮಡಿಸಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು, ಮತ್ತೆ ಪಿ.ಸಿ. ಮುಂದೆ ಕೂತರು. ಎರಡು ದಿನ ಏನು ಮಾಡುತ್ತಿದ್ದಾರೆಂದು ನಾನು ಕೇಳಲಿಲ್ಲ. ಆಮೇಲೆ ನೋಡಿದರೆ, ಎಲ್ ಎಂಬ ನನ್ನ ಆ ಸೋಮಾರಿ ಹೆಸರನ್ನು ಎಲ್ಲ ಫೈಲುಗಳಲ್ಲೂ ತೆಗೆದು ಪೂರ್ತಿ ಹೆಸರು ಹಾಕುತ್ತಿದ್ದರು. "ಇನ್ನೊಬ್ರು ಬಂದು ಹೊಡೀವಾಗ ಹೀಗಾಗ್ಬಾರ್ದು. ಹೋಲ್ಸಿ ನೋಡ್ತೀರಾ?" ಎಂದರು.

ಅವತ್ತು ಹತ್ತೊಂಬತ್ತನ್ನೂ ಹೋಲಿಸಿದೆ. ಪಿ.ಸಿ. ಗುರುಗುಟ್ಟುತ್ತಿದ್ದ ಅಷ್ಟೂ ಹೊತ್ತು ಸುಮ್ಮನೆ ಕೂತಿರಬೇಕಾಯಿತು. ಸಂಕಟವಾಯಿತು, ನಾಚಿಕೆಯಾಯಿತು. ಎದ್ದು ರಿಜಿಸ್ಟರು ಹಿಡಿದುಕೊಂಡು ಕಾಪಡಿಯಾ ಕ್ಯಾಬಿನ್ನಿಗೆ ಹೋದೆ. ಐದು ಸಹಿಯನ್ನೂ ತೋರಿಸಿ, ಒಂದನ್ನೂ ಹೋಲಿಸಿರಲಿಲ್ಲ ಎಂದೆ. ಹೋಲಿಸಿದ್ದರೆ ಶುಕ್ರವಾರವೇ ಸಿಗುತ್ತಿತ್ತು ಎಂದೆ. ಟ್ರಯಲ್ ಪಾಸಾದರೆ ಖಾಯಂ ಅಂತ ನೀವೇ ಹೇಳಿದ್ದಿರಿ ಎಂದೂ ಸೇರಿಸಿದೆ.

ಅವರು ರಿಜಿಸ್ಟರು ತೆರೆದೂ ನೋಡಲಿಲ್ಲ. "ತೂ ಇಂಜಿನಿಯರ್ ಹೈ, ಯಾರ್. ಗಲ್ತೀ ತೋ ಹೋತೀ ಹೈ", ಇಂಜಿನಿಯರ್ ನೀನು, ತಪ್ಪು ಆಗುತ್ತಲೇ ಇರುತ್ತದೆ, ಎಂದು ನಕ್ಕು, ನಾಗಪುರದ ಹೊಸ ಆರ್ಡರಿನ ಕಾಗದ ನನ್ನತ್ತ ತಳ್ಳಿದರು. ಅದೇ ತಪ್ಪು, ನಾನು ಮಾಡಿದರೆ ಆಗುವಂಥದ್ದು. ವಿಮಲಾ ಮಾಡಿದರೆ ಮನೆಗೆ ಕಳಿಸುವಂಥದ್ದು. ನಾನು ವಾದಿಸಿದೆ. ಟೈಪ್‌ರೈಟರೇ ಹೋಗುತ್ತಿದೆ, ಟೈಪಿಸ್ಟ್ ಯಾಕೆ, ನಿನಗೆ ಬೇರೆ ಕೆಲಸ ಇಲ್ಲವೇ ಎಂದು ಗದರಿದರು. ಹೊರಗೆ ಬಂದೆ.

ವಿಮಲಾ ತಮ್ಮ ಡ್ರಾಯರ್ ಖಾಲಿ ಮಾಡುತ್ತಿದ್ದರು. ಹತ್ತಿರ ಹೋಗಿ ಎಲ್ಲ ಹೇಳಿದೆ, ಸಹಿಯ ವಿಷಯವನ್ನೂ. "ಸಾಹೇಬರ ಹತ್ರ ಒಪ್ಕೊಂಡು ಬಂದೆ, ವಿಮಲಾ ಅವರೇ. ಅವರು ಕೇಳಲಿಲ್ಲ."

ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ಅವತ್ತು ಅವರು ಕೇಳಿದಾಗ ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ" ಎಂದರು. "ಆಗ ಹೇಳಿದ್ರೆ ನನಗಾಗ್ತಿತ್ತು. ಇವತ್ತು ಹೇಳಿದ್ದು ನಿನಗೋಸ್ಕರ."

ಮೂರು ವರ್ಷದಲ್ಲಿ, ಅಷ್ಟು ಕೂಗಾಡಿದಾಗಲೂ, ಅವರು ನನ್ನನ್ನು 'ನೀವು' ಬಿಟ್ಟು ಮಾತಾಡಿಸಿದವರಲ್ಲ.