ಕಾಕಾ ದಾಟದ ಹೊಸ್ತಿಲು

ಹಳದಿ ಅಂಟುಪಟ್ಟಿಯ ಹೊಸ ಸುರುಳಿ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಅರ್ಧ ರಬ್ಬರಿನದು, ಅರ್ಧ ಸೀಮೆಎಣ್ಣೆಯದು. ಮೊನ್ನೆ ನಾನು ಪಾಠ ಮಾಡುವ ಫಿಸಿಯೋಥೆರಪಿ ಕಾಲೇಜಿನ ಕಾರಿಡಾರಿನಲ್ಲಿ ಮಂಡಿಯೂರಿ ಕೂತು, ನೆಲಕ್ಕೆ ಅಡ್ಡಡ್ಡವಾಗಿ ಆ ಪಟ್ಟಿ ಅಂಟಿಸುತ್ತಿದ್ದೆ. ಹೆಜ್ಜೆಗೊಂದು ಪಟ್ಟಿ, ಪಾರ್ಕಿನ್ಸನ್ ರೋಗಿಗಳು ನಡೆಯುವುದಕ್ಕೆ. ನಾವು ಮಾಡುತ್ತೇವೆ ಬಿಡಿ ಎಂದು ವಿದ್ಯಾರ್ಥಿಗಳು ಹೇಳಿದರೂ ಬಿಡಲಿಲ್ಲ. ಈ ಕೆಲಸವನ್ನು ನಾನು ಯಾರಿಗೂ ಕೊಡುವುದಿಲ್ಲ. ಇಷ್ಟು ಸಣ್ಣ ವಸ್ತುವೊಂದು ಇಲ್ಲದೆ ಹಿರಿಯರೊಬ್ಬರು ತನ್ನದೇ ಅಂಗಡಿಗೆ ಹೋಗಲಾಗದೆ ಹೋದರಲ್ಲ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಾನು ಓದುತ್ತಿದ್ದ ಕಾಲದಲ್ಲಿ ನಾವು ಪುಣೆಯ ಹಳೆಯ ಪೇಠೆಯೊಂದರಲ್ಲಿ, ಹಲವು ಸಂಸಾರಗಳಿದ್ದ ವಾಡೆಯೊಂದರ ಮೇಲಿನ ಅಂತಸ್ತಿನಲ್ಲಿದ್ದೆವು. ಅಪ್ಪ ವಿಜಾಪುರದಿಂದ ಕಾರಕೂನರಾಗಿ ಬಂದವರು. ಕೆಳಗೆ ಇಳಕಲ್ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣಗಳ ಅಂಗಡಿ. ಅದರ ಮಾಲೀಕರು ನಮ್ಮ ಕಡೆಯವರೇ ಆದ್ದರಿಂದ ನನಗೆ ಕಾಕಾ, ಅವರ ಹೆಂಡತಿ ಕಾಕು. ಅಂಗಡಿಯ ಹಿಂದೆಯೇ ಅವರ ಮನೆ. ಎರಡಕ್ಕೂ ನಡುವೆ ಒಂದೇ ಬಾಗಿಲು, ಅದಕ್ಕೆ ಸಾಗವಾನಿಯ ಎತ್ತರದ ಹೊಸ್ತಿಲು.

ಕಾಕಾ ಗಾದಿಯ ಮೇಲೆ ಕೂತು ಒಮ್ಮೆ ಕೈ ಝಾಡಿಸಿದರೆ ಸೀರೆಯ ಸೆರಗು ಗಿರಾಕಿಯ ಮೊಣಕಾಲಿನವರೆಗೂ ಬಿಚ್ಚಿಕೊಳ್ಳುತ್ತಿತ್ತು. ಇದು ನಿಮಗಲ್ಲ, ನಿಮ್ಮ ಸೊಸೆಗೆ ಎಂದು ಮರಾಠಿಯಲ್ಲಿ ಹೆಂಗಸರನ್ನು ಕೆಣಕಿ, ಕೊನೆಗೆ ಇಬ್ಬರಿಗೂ ಒಂದೊಂದು ಕಟ್ಟಿ ಕಳಿಸುತ್ತಿದ್ದರು. ನಾನು ಫಿಸಿಯೋಥೆರಪಿಗೆ ಸೇರಿದ ದಿನದಿಂದ ನನ್ನ ಹೆಸರು ಡಾಕ್ಟರಬಾಯಿ ಆಯಿತು. ಮೆಟ್ಟಿಲು ಇಳಿಯುವಾಗಲೆಲ್ಲ ತಮ್ಮ ಯಾವುದಾದರೊಂದು ಎಲುಬು ತೋರಿಸಿ ಅದರ ಹೆಸರು ಕೇಳುತ್ತಿದ್ದರು. ನಾನು ತಪ್ಪು ಹೇಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ, ಆದರೂ ತಲೆಯಾಡಿಸುತ್ತಿದ್ದರು...

ಮೊದಲು ನಡುಗಿದ್ದು ಬಲಗೈಯ ಹೆಬ್ಬೆರಳು. ಡಾಕ್ಟರು ಪಾರ್ಕಿನ್ಸನ್ ಎಂದು ಹೇಳಿ ಗುಳಿಗೆ ಬರೆದರು. ಮನೆಯವರು ಅದನ್ನು ನಡುಗುವ ರೋಗ ಎಂದು ತಿಳಿದುಕೊಂಡರು. ಎಲ್ಲ ಎಡವಟ್ಟೂ ಶುರುವಾದದ್ದು ಅಲ್ಲಿಂದ. ಕೈ ನಡುಗಿದರೆ ಅಯ್ಯೋ ಪಾಪ ಎನ್ನುತ್ತಿದ್ದರು. ಆದರೆ ಕಾಕಾ ಬರಬರುತ್ತ ನಡುಗುವುದಕ್ಕಿಂತ ಹೆಚ್ಚಾಗಿ ನಿಂತುಬಿಡತೊಡಗಿದರು. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಟೋಪಿ ಹಾಕಿಕೊಂಡು ಅಂಗಡಿಗೆ ಹೊರಟವರು ಆ ಹೊಸ್ತಿಲ ಹತ್ತಿರ ಬಂದ ಕೂಡಲೇ ನೆಲಕ್ಕೆ ಅಂಟಿದಂತೆ ನಿಲ್ಲುತ್ತಿದ್ದರು. ಲಕ್ಷ್ಮಿ ಬರುವ ದಾರಿಗೆ ಅಡ್ಡ ನಿಲ್ಲಬಾರದು ಎಂದು ಕಾಕು ಗೊಣಗುತ್ತಿದ್ದರು. ವ್ಯಾಪಾರ ನೋಡಿಕೊಳ್ಳುತ್ತಿದ್ದ ಮಗ ಕೈ ಹಿಡಿದು ಎಳೆಯುತ್ತಿದ್ದ. ಒಮ್ಮೆ ಎಳೆದ ರಭಸಕ್ಕೆ ಕಾಕಾ ಮುಗ್ಗರಿಸಿ ಬಿದ್ದು ಹಣೆ ಒಡೆಯಿತು. ಅಂದು ನಾನು ಹತ್ತಿ ಒತ್ತಿ ಹಿಡಿದುಕೊಂಡು ಕೂತಿದ್ದಾಗ ಅವರು ಮೆಲ್ಲಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

“ನಾ ನಿಂತಿಲ್ಲವ್ವಾ. ನಾ ಹೊಂಟೇನಿ. ಕಾಲಷ್ಟ ನಿಂತಾವ.”

ಮಿದುಳಿನ ಪಾಠದಲ್ಲಿ ಇದಕ್ಕಿಂತ ಸರಿಯಾದ ವಾಕ್ಯವನ್ನು ನಾನು ಈವರೆಗೆ ಓದಿಲ್ಲ. ನಡುಮಿದುಳಿನಲ್ಲಿ ಒಂದು ಕಪ್ಪು ಪಟ್ಟಿಯಿದೆ. ಅಲ್ಲಿನ ಜೀವಕೋಶಗಳು ಡೋಪಮಿನ್ ಎಂಬ ರಸವನ್ನು ಮಿದುಳಿನ ಆಳದಲ್ಲಿರುವ ಕೆಲವು ಗಂಟುಗಳಿಗೆ ಕಳಿಸುತ್ತವೆ. ನಾವು ಯೋಚಿಸದೆಯೇ ಹೆಜ್ಜೆ ಹಾಕುವುದು, ಮಾತಿನ ನಡುವೆ ನಗುವುದು, ಎಲ್ಲ ರೂಢಿಯ ಚಲನೆಗೂ ಆ ಗಂಟುಗಳ ಆಸರೆ ಬೇಕು. ಕೋಶಗಳು ಸತ್ತಂತೆ ರಸ ಬತ್ತುತ್ತದೆ. ಕಾಲಿನಲ್ಲಿ ಬಲವಿರುತ್ತದೆ, ಮನಸ್ಸಿನಲ್ಲಿ ಆಸೆಯಿರುತ್ತದೆ, ಹೊರಡು ಎಂಬ ಅಪ್ಪಣೆ ಮಾತ್ರ ನಡುವೆಲ್ಲೋ ಸಿಕ್ಕಿಕೊಳ್ಳುತ್ತದೆ. ಬಾಗಿಲಿನಂಥ ಇಕ್ಕಟ್ಟಿನಲ್ಲಂತೂ ಇನ್ನೂ ಹೆಚ್ಚು. ಇದನ್ನು ಮಗನಿಗೆ ಹೇಳಿದೆ. ಮೊದಲು ಪಾಸಾಗು, ಆಮೇಲೆ ಹೇಳು ಎಂದು ನಕ್ಕುಬಿಟ್ಟ.

ಆ ವರ್ಷದ ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಕಾಕು ಮನೆಯ ಒಳಗಿನಿಂದ ಅಂಗಡಿಯ ಗಾದಿಯವರೆಗೆ ರಂಗೋಲಿಯ ಸಾಲು ಹಾಕಿದ್ದರು. ಹೊಸ್ತಿಲಿನ ಆಚೆ ಈಚೆಯೂ ದಪ್ಪ ಗೆರೆಗಳು. ಕಾಕಾ ಬಂದರು, ಎಂದಿನಂತೆ ನಿಂತರು, ಕೆಳಗೆ ನೋಡಿದರು. ರಂಗೋಲಿ ತುಳಿಯಬಾರದು ಎಂಬುದು ಹುಟ್ಟಿನಿಂದ ಬಂದ ಅಭ್ಯಾಸ. ಕಾಲೆತ್ತಿ ಒಂದು ಗೆರೆ ದಾಟಿದರು, ಇನ್ನೊಂದು, ಹೊಸ್ತಿಲು, ಮತ್ತೊಂದು... ಹೋಗಿ ಗಾದಿಯ ಮೇಲೆ ಕೂತೇಬಿಟ್ಟರು. ಲಕ್ಷ್ಮಿಯೇ ಕೈಹಿಡಿದು ಕರೆತಂದಳು ಎಂದು ಕಾಕು ಕಣ್ಣೊರೆಸಿಕೊಂಡರು. ನಾನು ಗೆರೆಗಳನ್ನೇ ನೋಡುತ್ತ ನಿಂತಿದ್ದೆ.

ಮರುದಿನ ಕಸಗುಡಿಸಿದಾಗ ರಂಗೋಲಿ ಹೋಯಿತು. ಕಾಕಾ ಮತ್ತೆ ನಿಂತರು. ಮಗ ಎಲ್ಲರೆದುರು ಅಂದ:

“ನಿನ್ನಿ ಹುಡುಗನಂಗ ದಾಟಿ ಬಂದ್ರಿ. ಇವತ್ತ ಕಾಲಿಗೆ ಏನಾತು? ಮನಸ್ಸಿದ್ರ ನಡೀತೀರಿ, ಇಲ್ಲಾಂದ್ರ ಇಲ್ಲ.”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆ ಒಂದು ಒಳ್ಳೆಯ ದಿನವೇ ಅವರಿಗೆ ಮುಳುವಾಯಿತು. ಒಮ್ಮೆ ನಡೆದವನು ಯಾವಾಗಲೂ ನಡೆಯಬಲ್ಲ, ನಡೆಯದಿದ್ದರೆ ಅದು ಆಟ ಎಂದು ಇಡೀ ವಾಡೆ ತೀರ್ಪು ಕೊಟ್ಟಿತು. ರಜೆ ಮುಗಿದ ಮೇಲೆ ಕಾಲೇಜಿನಲ್ಲಿ ನಮ್ಮ ಮೇಡಮ್ಮನ್ನು ಕೇಳಿದೆ. ನಡಿಗೆಗೆ ಇನ್ನೊಂದು ದಾರಿಯೂ ಇದೆ, ಕಣ್ಣು ನೋಡಿದ ಗುರುತನ್ನು ಹಿಡಿದು ಕಾಲು ಎತ್ತುವ ದಾರಿ, ನೆಲಕ್ಕೆ ಅಡ್ಡ ಗೆರೆ ಎಳೆದರೆ ಹಲವರು ನಡೆಯುತ್ತಾರೆ ಎಂದು ಅವರು ವಿವರಿಸಿದರು. ಸಂಜೆಯೇ ಸೀಮೆಸುಣ್ಣ ತಂದು ಗೆರೆ ಎಳೆದೆ. ಕಾಕಾ ದಾಟಿದರು ಕೂಡ. ಮಗ ಒದ್ದೆ ಅರಿವೆ ತಂದು ಒರೆಸಿಬಿಟ್ಟ. ಬಾಗಿಲಿನಲ್ಲಿ ಗೆರೆ ಕಂಡರೆ ಯಾರೋ ಮಾಟ ಮಾಡಿಸಿದ್ದಾರೆ ಎಂದುಕೊಂಡು ಗಿರಾಕಿಗಳು ಒಳಗೆ ಬರುವುದಿಲ್ಲವಂತೆ. ರಂಗೋಲಿಯನ್ನಾದರೂ ದಿನಾ ಹಾಕೋಣವೆಂದರೆ, ಮನೆಯೊಳಗಿನ ದಾಸ್ತಾನು ಅದೇ ಬಾಗಿಲಿನಿಂದ ಬರಬೇಕು, ಕಪ್ಪು ಚಂದ್ರಕಾಳಿ ಸೀರೆಗಳಿಗೆ ಬಿಳಿ ಪುಡಿ ಮೆತ್ತಿಕೊಳ್ಳುತ್ತದೆ.

ಕೊನೆಗೆ ದಾರಿ ಹುಡುಕಿದ್ದು ಕಾಕು. ಖಣದ ಕತ್ತರಿ ತುಂಡುಗಳನ್ನು ಉದ್ದಕ್ಕೆ ಸೀಳಿ, ಮೈದಾ ಅಂಟಿನಿಂದ ನೆಲಕ್ಕೆ ಅಡ್ಡಡ್ಡ ಅಂಟಿಸಿದರು. ಅಂಗಡಿಯ ಅಲಂಕಾರದಂತೆಯೇ ಕಾಣುತ್ತಿತ್ತು, ಯಾರೂ ಮಾಟ ಎನ್ನುವಂತಿರಲಿಲ್ಲ. ಕಾಕಾ ದಿನವೂ ಆ ಕೆಂಪು ಹಸಿರು ಪಟ್ಟಿಗಳನ್ನು ದಾಟಿ ಗಾದಿಗೆ ಹೋಗತೊಡಗಿದರು. ನನಗೋ ಜಗತ್ತು ಗೆದ್ದ ಹಿಗ್ಗು.

ಅದು ಹೆಚ್ಚು ದಿನ ಉಳಿಯಲಿಲ್ಲ. ಒಂದು ದಿನ ಕಾಲೇಜಿನಿಂದ ಬಂದಾಗ ಪಟ್ಟಿಗಳನ್ನು ಕೆರೆದು ತೆಗೆದಿದ್ದರು. ಸಿಟ್ಟಿನಲ್ಲಿ ಮಗನ ಮುಂದೆ ಹೋಗಿ ನಿಂತೆ. ಅವನು ಕೂಗಾಡಲಿಲ್ಲ. ಸೀರೆ ಮಡಿಚುತ್ತಲೇ ಹೇಳಿದ:

“ತ್ರಾಸ ಕಾಲಿಂದಲ್ಲ ತಂಗಿ, ಮುಖದ್ದು. ಅಪ್ಪಾರು ಗಾದಿ ಮ್ಯಾಲ ಕುಂತ್ರ ಶೇಟ್ ಸಿಟ್ಟಿಲೆ ನೋಡ್ತಾರ ಅಂತ ಗಿರಾಕಿ ಎದ್ದ ಹೋಗ್ತಾರ. ಅವರು ಒಳಗ ಇದ್ರನ ಛಲೋ.”

ಕಾಲನ್ನು ನಿಲ್ಲಿಸಿದ ರೋಗವೇ ಮುಖವನ್ನೂ ಬಿಗಿಸಿತ್ತು. ನಗು ಒಳಗಿದ್ದೂ ಹೊರಗೆ ಬರುತ್ತಿರಲಿಲ್ಲ. ಮುದುಕನಿಗೆ ಸೊಕ್ಕು ಬಂದಿದೆ ಎಂದು ಪೇಠೆಯ ಹೆಂಗಸರು ಆಡಿಕೊಳ್ಳುತ್ತಿದ್ದುದು ನನಗೂ ಗೊತ್ತಿತ್ತು. ಅದಕ್ಕೆ ಅಂಟಿಸಲು ನನ್ನ ಬಳಿ ಯಾವ ಪಟ್ಟಿಯೂ ಇರಲಿಲ್ಲ. ಇದೂ ರೋಗವೇ, ಒಂದು ಚೀಟಿ ಬರೆದು ಗೋಡೆಗೆ ಹಚ್ಚು ಎಂದೆ. ರೋಗದ ಅಂಗಡಿಯಲ್ಲಿ ಮದುವೆಯ ಸೀರೆ ಯಾರು ಕೊಳ್ಳುತ್ತಾರೆ ಎಂದು ಕೇಳಿದ.

ಬಾಗಿಲಿಗೆ ಪರದೆ ಬಂತು. ಕಾಕಾ ಅದರ ಹಿಂದೆ ಕುರ್ಚಿಯಲ್ಲಿ ಕೂತು ಅಂಗಡಿಯ ಮಾತು ಕೇಳಿಸಿಕೊಳ್ಳುತ್ತಿದ್ದರು. ಯಾರಾದರೂ ಸೀರೆ ಝಾಡಿಸಿದ ಸದ್ದಾದರೆ ಅವರ ಕೈ ತೊಡೆಯ ಮೇಲೆ ಸ್ವಲ್ಪ ಎದ್ದು ಮತ್ತೆ ಕೂರುತ್ತಿತ್ತು... ನಾನು ತರಬೇತಿಗೆಂದು ಬಾರಾಮತಿಯಲ್ಲಿದ್ದಾಗ ಅವರು ಹೋದರು. ಸ್ವಾರಗೇಟಿನಲ್ಲಿ ಬಸ್ಸಿಳಿದು ಓಡೋಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಲ್ಕು ಜನ ಹೊತ್ತುಕೊಂಡು ಅಂಗಡಿಯ ಮೂಲಕವೇ ಹೋದರು ಎಂದು ಕಾಕು ಹೇಳಿದರು.

ಮೊನ್ನೆ ಕಾಲೇಜಿನಲ್ಲಿ ಪಟ್ಟಿ ಅಂಟಿಸಿ ಮುಗಿಸಿದ ಸಂಜೆ, ಯಾಕೋ ಮನೆಗೆ ಹೋಗದೆ ಆ ಪೇಠೆಗೆ ಹೋದೆ. ಕಾಕು ಈಗಿಲ್ಲ. ಮಗ ಜಾಗವನ್ನು ಬಾಡಿಗೆಗೆ ಕೊಟ್ಟಿದ್ದಾನೆ, ಅಲ್ಲೊಂದು ಮೊಬೈಲ್ ಅಂಗಡಿ. ನಡುವಿನ ಗೋಡೆ ಒಡೆದು ಮನೆಯನ್ನೂ ಅಂಗಡಿಗೇ ಸೇರಿಸಿದ್ದಾರೆ, ಹೊಸ್ತಿಲು ಇಲ್ಲವೇ ಇಲ್ಲ. ಕಾಕಾನ ಕುರ್ಚಿಯಿದ್ದ ಜಾಗದಿಂದ ಗಾದಿಯಿದ್ದ ಜಾಗದವರೆಗೆ ನೆಲಕ್ಕೆ ಹೊಸ ಫರಸಿ ಕಲ್ಲು ಹಾಕಿದ್ದಾರೆ. ಅಡ್ಡಡ್ಡಕ್ಕೆ ಒಂದು ಕಪ್ಪು ಪಟ್ಟಿ, ಒಂದು ಬಿಳಿ ಪಟ್ಟಿ, ಮತ್ತೆ ಕಪ್ಪು. ಯಾರೋ ಅಂದಕ್ಕೆಂದು ಹಾಕಿಸಿದ್ದು. ಏನು ಬೇಕು ಎಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ. ಏನೂ ಬೇಡ ಎಂದೆ. ನನ್ನ ಕಣ್ಣ ಮುಂದೆ ಆ ಪಟ್ಟಿಗಳ ಮೇಲೆ ಕಾಕಾ ಯಾರ ಕೈಯನ್ನೂ ಹಿಡಿಯದೆ ನಡೆದು ಬರುತ್ತಿದ್ದರು.